ಕೈ ಇಳಿಸಲಾಗದ ಸ್ವೆಟರ್

ಮನೆ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರ. ಹೇಗಿದ್ದೀರಿ? ಮಂಡಿನೋವು ತಗ್ಗಿತೇ, ಇಲ್ಲ ಅಂಬೆಗಾಲಿಡುವ ಅವಳಿಗಳ ಬೆನ್ನುಹತ್ತಿ ಇನ್ನೊಂದು ಮಂಡಿಗೂ ಬಂತೇ? ಕಣ್ಣಿನ ಹನಿಯನ್ನು ಡಾಕ್ಟರು ಹೇಳಿದಂತೆ ಹೊತ್ತುಹೊತ್ತಿಗೆ ಹಾಕಿಕೊಳ್ಳುತ್ತಿದ್ದೀರಿ ತಾನೆ? ನೆನಪಾದಾಗ ಮೂರು ಹೊತ್ತಿನದನ್ನೂ ಒಂದೇ ಸಲ ಸುರಿದುಕೊಳ್ಳುವ ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಭೂತಗನ್ನಡಿ ಇಲ್ಲದೆ ನಿಮಗೆ ಓದಲಾಗಲಿ ಎಂದು ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ, ಕಾಗದ ಹೆಚ್ಚು ಖರ್ಚಾದರೆ ಬೈಯಬೇಡಿ. ನಾದಿನಿಗೆ ನಿದ್ದೆ ಸಿಗುತ್ತಿದೆಯೇ? ಅವಳಿಗಳಲ್ಲಿ ಯಾರು ಯಾರೆಂದು ಅವರಪ್ಪನಿಗೆ ಈಗಲಾದರೂ ಗುರುತು ಹತ್ತಿತೇ? ಹಳದಿ ಟೋಪಿ ಒಂದು, ಹಸಿರು ಟೋಪಿ ಒಂದು ಹೆಣೆದು ಕಳಿಸಿದ್ದೇ ಅದಕ್ಕೆ. ಬೇಕೆಂದೇ ಅದಲುಬದಲು ಮಾಡಿ ಆ ಮನುಷ್ಯನನ್ನು ಗೋಳು ಹೊಯ್ದುಕೊಳ್ಳಬೇಡಿ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಮಗನಿಗೆ ಸೊಂಟ ಹಿಡಿದುಕೊಂಡಿತ್ತು, ಈಗ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಷ್ಟಾಗಿದ್ದಾರೆ. ಸೊಂಟ ಹಿಡಿದದ್ದು ಒಂದು ಸ್ವೆಟರಿನಿಂದ. ಆ ಕಥೆ ಹೇಳುವುದಕ್ಕೇ ಕೂತಿದ್ದೇನೆ.

ಅದಕ್ಕೂ ಮೊದಲು ನಿಮ್ಮ ಪತ್ರದ ಮಾತು. ಸೋಮವಾರ ಬಂತು. ಇನ್ನು ಅಲ್ಲೇ ಮಗಳ ಮನೆಯಲ್ಲಿ ಇದ್ದುಬಿಡುತ್ತೇನೆ ಎಂದು ಬರೆದಿದ್ದೀರಿ. "ಅಲ್ಲಿ ನನ್ನಿಂದ ಆಗೋ ಕೆಲಸ ಏನೂ ಉಳಿದಿಲ್ಲ. ನನ್ನ ಕೋಣೇಲಿ ನಿನ್ನ ನೂಲು ಇಟ್ಕೋ" ಎಂದಿದ್ದೀರಿ. ನಾನು ಎರಡು ಸಲ ಓದಿ ನಿಮ್ಮ ಮಗನ ಕೈಗೆ ಕೊಟ್ಟೆ. ಅವರು ಓದಿ ಮಡಿಚಿಟ್ಟು, ಆಗಷ್ಟೇ ನೀರು ಹಾಕಿದ್ದ ಗಿಡಗಳಿಗೆ ಮತ್ತೊಂದು ಸುತ್ತು ನೀರು ಹಾಕಲು ಹೋದರು. ನಿಮ್ಮ ಮೊಮ್ಮಗಳಿಗೆ ಈ ನಾಜೂಕೆಲ್ಲ ಇಲ್ಲ, ಅಜ್ಜಿ ಇನ್ನು ಬರುವುದೇ ಇಲ್ಲವೇ ಎಂದು ನೇರವಾಗಿ ನನ್ನನ್ನೇ ಕೇಳಿದಳು. ಪತ್ರ ಬರೆಯುತ್ತೇನೆ ಎಂದಷ್ಟೇ ಹೇಳಿದೆ. ನಿಮ್ಮ ಪತ್ರ ಬಂದಾಗ ನಿಮ್ಮ ಮಂಚದ ತುಂಬ ನೂಲಲ್ಲ, ನನ್ನ ಹನ್ನೊಂದು ವರ್ಷದ ಹಳೆಯ ಕರಡುಗಳು ಹರಡಿಕೊಂಡಿದ್ದವು. ಯಾಕೆಂದು ಹೇಳುತ್ತೇನೆ, ನಡುವೆ ಎದ್ದು ಹೋಗದೆ ಓದಿ.

ಪುಸ್ತಕದ ವಿಷಯ ನಿಮಗೆ ಗೊತ್ತೇ ಇದೆ. ಇಷ್ಟು ವರ್ಷ ಹೆಣಿಗೆಯ ಮಾಸಪತ್ರಿಕೆಗೆ ಬಿಡಿಬಿಡಿಯಾಗಿ ಪ್ಯಾಟರ್ನ್ ಬರೆದವಳಿಗೆ ಇದು ಮೊದಲ ಪುಸ್ತಕ, ಹನ್ನೆರಡು ಸ್ವೆಟರ್. ನೀವು ಹೋದ ಮೇಲೆ ಪ್ರಕಾಶಕರು ಮುನ್ನುಡಿ ಕೇಳಿದರು. ನನ್ನ ಸ್ಫೂರ್ತಿಯ ಸೆಲೆ ಯಾವುದೆಂದು ಓದುಗರಿಗೆ ತಿಳಿಯಬೇಕು ಎಂದರು. ಒಂದು ವಾರ ತಲೆ ಕೆರೆದುಕೊಂಡೆ. ಮೊದಲು ಪ್ರಕೃತಿ ಎಂದು ಬರೆದೆ, ಹೂವು, ಎಲೆ, ಸಂಜೆಯ ಮೋಡ ಎಲ್ಲ ಬಂತು. ಓದಿ ನೋಡಿದರೆ ನನಗೇ ನಗು. ನನ್ನ ಆಯುಷ್ಯದಲ್ಲಿ ಒಂದು ಹೂವನ್ನೂ ಹೆಣೆದವಳಲ್ಲ ನಾನು. ಹರಿದು ಹಾಕಿ ನಿಜ ಬರೆದೆ. ಒಂದನೇ ಸ್ವೆಟರ್ ಹಲ್ಲಿನ ಡಾಕ್ಟರ ಕೋಣೆಯ ಚಾವಣಿಯದು, ಬಾಯಿ ತೆರೆದು ಮಲಗಿದ್ದಾಗ ನೋಡುವುದಕ್ಕೆ ಅದೊಂದೇ ಇತ್ತು. ಎರಡನೆಯದು ಒರೆಸಿದ ನೆಲದ ಮೇಲೆ ಅಂಚೆಯವರ ಬೂಟು ಮೂಡಿಸಿದ ಗುರುತು. ನೀವು ಅವರನ್ನು ಬೈಯುತ್ತಿದ್ದಿರಿ, ನಾನು ಕೆಳಗೆ ಕೂತು ಅದರ ಗೆರೆ ಎಣಿಸುತ್ತಿದ್ದೆ. ನಾಲ್ಕನೆಯದು ಬ್ಯಾಂಕಿನ ಎಳೆಯುವ ಕಬ್ಬಿಣದ ಗೇಟು, ಎಳೆದರೆ ಅಗಲವಾಗಿ ತಳ್ಳಿದರೆ ಮಡಿಚಿಕೊಳ್ಳುತ್ತದಲ್ಲ, ಅದು.

ಆ ಗೇಟಿನಿಂದ ನನಗೆ ಆದ ಫಜೀತಿ ನಿಮಗೆ ಹೇಳಿಲ್ಲ. ಮೂರು ದಿನ ಸತತವಾಗಿ ಹೋಗಿ ಎದುರಿಗೆ ನಿಂತಿದ್ದೆ. ಮೂರನೇ ದಿನ ಕಾವಲುಗಾರ ಹತ್ತಿರ ಬಂದು, ಇಲ್ಲಿ ಖಾತೆ ಇದೆಯಾ ಎಂದು ಕೇಳಿದ. ಇಲ್ಲ, ಗೇಟು ನೋಡಲು ಬಂದೆ ಎಂದೆ. ನಿಜ ಹೇಳಿದ್ದಕ್ಕೇ ಅವನ ಅನುಮಾನ ಹೆಚ್ಚಾಯಿತು. ಕೊನೆಗೆ ಚೀಲದಿಂದ ಕಡ್ಡಿ, ನೂಲು, ಅರ್ಧ ಹೆಣೆದ ತುಂಡು ಎಲ್ಲ ತೆಗೆದು ಗೇಟಿನ ಪಕ್ಕ ಹಿಡಿದು ತೋರಿಸಬೇಕಾಯಿತು. ಅವನು ಅದನ್ನೊಮ್ಮೆ ಇದನ್ನೊಮ್ಮೆ ನೋಡಿ, ಅಡ್ಡಪಟ್ಟಿ ಸೇರುವ ಕಡೆ ಒಂದು ಮೊಳೆ ಇದೆ, ನೀವು ಬಿಟ್ಟಿದ್ದೀರಿ ಎಂದ. ಸರಿಯಾಗಿಯೇ ಹೇಳಿದ್ದ. ಮರುದಿನ ತಾನೇ ಕರೆದುಕೊಂಡು ಹೋಗಿ ಹಿಂಬಾಗಿಲ ಗೇಟನ್ನೂ ತೋರಿಸಿದ, ಅದು ಇನ್ನೂ ಹಳೆಯದು, ಇದಕ್ಕಿಂತ ಚೆನ್ನ.

ನಾನು ಕೆಲಸ ಮಾಡುವ ಬಗೆಯೂ ಮುನ್ನುಡಿಯಲ್ಲಿ ಬೇಕಂತೆ. ಹೇಗೆಂದು ಬರೆಯಲಿ? ಏನು ಕಂಡರೂ ಅದು ಎಲ್ಲಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂದು ಹುಡುಕುತ್ತೇನೆ. ಚಾವಣಿಗಾದರೂ ಬೂಟಿಗಾದರೂ ಆ ಜಾಗ ಒಂದು ಇದ್ದೇ ಇರುತ್ತದೆ. ಅದು ಸಿಕ್ಕಿದರೆ ಉಳಿದದ್ದೆಲ್ಲ ಅದರ ಬಾಲ ಹಿಡಿದು ಬರುತ್ತದೆ. ಆಮೇಲೆ ಚೌಕುಳಿ ಕಾಗದ, ಒಂದು ಮನೆ ಎಂದರೆ ಒಂದು ಕುಣಿಕೆ. ಕುಣಿಕೆ ಎತ್ತರಕ್ಕಿಂತ ಅಗಲ ಜಾಸ್ತಿಯಾದ್ದರಿಂದ ಅಂಗಡಿಯ ಗ್ರಾಫ್ ಹಾಳೆ ನನಗೆ ಆಗುವುದಿಲ್ಲ. ಅದರಲ್ಲಿ ಬರೆದ ಚಕ್ರ ಹೆಣೆದಾಗ ಚಪ್ಪಟೆಯಾಗುತ್ತದೆ. ನನ್ನ ಹಾಳೆಗೆ ಅಡ್ಡಗಲ ಮನೆಗಳನ್ನು ಸ್ಕೇಲು ಹಿಡಿದು ಗೆರೆ ಎಳೆದು ಕೊಡುತ್ತಿದ್ದವರು ಯಾರೆಂದು ಮುನ್ನುಡಿಯ ಆ ಭಾಗ ಬರೆಯುವಾಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆಮೇಲೆ ಅಂಗೈಯಗಲದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ, ಮತ್ತೆ ಅಳೆಯುವುದು. ಇಪ್ಪತ್ತನೇ ಸಾಲಿಗೆ ಕೈಗೆ ಬೇಸರ ಬಂದರೆ ಡಿಸೈನ್ ಎಷ್ಟೇ ಚೆಂದವಿದ್ದರೂ ಅದನ್ನು ಬಿಟ್ಟುಬಿಡುತ್ತೇನೆ. "ಕಣ್ಣಿಗೆ ಚೆಂದ ಕಂಡ್ರೆ ಸಾಲ್ದು, ಕೈಗೂ ರುಚಿಸ್ಬೇಕು" ಎಂದು ಹೇಳಿಕೊಟ್ಟವರು ನೀವೇ.

ನನ್ನದೊಂದು ಕೆಟ್ಟ ಅಭ್ಯಾಸವಿದೆ ಅತ್ತೆ. ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಚೌಕುಳಿಯ ಮೇಲೆ ನಾನು ಮುಂಬದಿಯ ಸಾಲುಗಳನ್ನು ಮಾತ್ರ ಬರೆಯುತ್ತೇನೆ. ಹಿಂಬದಿಯ ಸಾಲಿನಲ್ಲಿ ಬರೆಯುವುದಕ್ಕೆ ಏನಿದೆ, ಸುಮ್ಮನೆ ಉಲ್ಟಾ ಹೆಣೆದುಕೊಂಡು ವಾಪಸು ಬರುವುದು. ನನ್ನ ಕೈ ಅದನ್ನು ತಾನಾಗಿಯೇ ಮಾಡಿ ಮುಗಿಸುತ್ತದೆ. ಹಾಗಾಗಿ ನನ್ನ ಎಣಿಕೆಯಲ್ಲಿ ಒಂದು ಆದ ಮೇಲೆ ಎರಡು ಎಂದರೆ ಅದೂ ಮುಂಬದಿಯದೇ. ನಾನು ಹೆಣೆದ ಸ್ವೆಟರ್ ಸರಿಯಾಗಿರುತ್ತದೆ, ನಾನು ಬರೆದದ್ದು ಸರಿಯಿರುವುದಿಲ್ಲ. ಈ ಒಂದು ಮಾತನ್ನು ತಿಳಿಯಲು ನನಗೆ ಹನ್ನೊಂದು ವರ್ಷವೂ ಒಬ್ಬ ನಿವೃತ್ತ ಬಸ್ ಡ್ರೈವರೂ ಬೇಕಾದರು.

ನೀವು ಹೊರಡುವ ಹಿಂದಿನ ವಾರ ಪ್ರಕಾಶಕರು ಮನೆಗೆ ಬಂದದ್ದು ನೆನಪಿದೆಯೇ? ಹನ್ನೊಂದು ವರ್ಷದಲ್ಲಿ ನನ್ನ ಪ್ಯಾಟರ್ನಿನ ಬಗ್ಗೆ ಒಂದೇ ಒಂದು ತಕರಾರಿನ ಪತ್ರ ಬಂದಿಲ್ಲವಂತೆ, ಹೇಗೆ ಸಾಧ್ಯ ಎಂದು ಕೇಳಿದರು. ನೀವು ಟ್ರೇ ಹಿಡಿದುಕೊಂಡು ಅಲ್ಲೇ ನಿಂತಿದ್ದಿರಿ. ನಾನು, "ತಲೇಲಿ ಸರಿಯಾಗಿದ್ರೆ ಕಾಗದದ ಮೇಲೂ ಸರಿಯಾಗೇ ಬರುತ್ತೆ ಸರ್" ಎಂದು ದೊಡ್ಡದಾಗಿ ಹೇಳಿದೆ. ನೀವು ನಕ್ಕು ಅವರ ಮುಂದೆ ಬಿಸ್ಕತ್ತು ಇಟ್ಟಿರಿ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಎರಡು ದಿನ ಬಿಟ್ಟು, ಪುಸ್ತಕದ ಮೊದಲ ಮೂರು ಆದವಲ್ಲ, ಇನ್ನು ಶುದ್ಧಪ್ರತಿ ಮಾಡಿ ಕಣ್ಣು ಕೆಡಿಸಿಕೊಳ್ಳಬೇಡಿ, ಮೊಮ್ಮಗಳು ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುತ್ತಾಳೆ ಎಂದು ನಿಮ್ಮ ಕೈಯಿಂದ ಹಾಳೆ ತೆಗೆದುಕೊಂಡೆ. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡಿದ್ದೆ. ನೀವು ಆಗಲಿ ಎಂದು ಪೆನ್ಸಿಲನ್ನು ಡಬ್ಬಿಗೆ ಹಾಕಿದಿರಿ. ನಾದಿನಿಯ ಫೋನ್ ಬಂದದ್ದೇ ತಡ, ಹೊರಟುಬಿಟ್ಟಿರಿ. ನಿಮ್ಮನ್ನು ಅವಳಿಗಳು ಕರೆಸಿಕೊಂಡರು ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈಗ ಡ್ರೈವರ್ ಮಾಮ. ಕೆಳಗಿನ ಮನೆಗೆ ಹೊಸದಾಗಿ ಬಂದಿದ್ದಾರೆ, ನೀವು ನೋಡಿಲ್ಲ. ಮೂವತ್ತು ವರ್ಷ ಒಂದೇ ಮಾರ್ಗದಲ್ಲಿ ಬಸ್ಸು ಓಡಿಸಿದವರು. ಸ್ಟೇರಿಂಗ್ ಹಿಡಿದು ಹಿಡಿದು ಬೆರಳು ಬಿಗಿದುಕೊಂಡಿವೆ, ಏನಾದರೂ ಹೆಣೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಕಲಿತರಂತೆ. ಈಗ ಅವರ ಮನೆಯಲ್ಲಿ ಫೋನಿಗೂ ಒಂದು ಅಂಗಿ ಇದೆ. ನನ್ನ ಪ್ಯಾಟರ್ನನ್ನು ಹೆಣೆದು ನೋಡುವವರು ಬೇಕಾಗಿತ್ತು. ನಾಲ್ಕನೆಯದನ್ನು ಟೈಪ್ ಮಾಡಿಸಿ ಅವರ ಕೈಗೆ ಕೊಟ್ಟೆ. ಮೂರು ವಾರ ಕಿಟಕಿಯಲ್ಲಿ ಕೂತು ಸಾಲಿಗೊಂದು ಗೀಟು ಹಾಕುತ್ತಾ ಹೆಣೆದರು. ಹೋದ ಶನಿವಾರ ಮಧ್ಯಾಹ್ನ ಅದನ್ನು ತಾವೇ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಅವರನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಎರಡೂ ಕೈಗಳು ಅಕ್ಕಪಕ್ಕಕ್ಕೆ ಚಾಚಿಕೊಂಡು ಹಾಗೇ ನಿಂತಿದ್ದವು, ಹೊಲದ ಬೆದರುಬೊಂಬೆಯ ಹಾಗೆ. ಇಳಿಸಿ ಮಾಮ ಎಂದೆ. ಇಳಿಯುವುದಿಲ್ಲ ಎಂದರು.

ಕಂಕುಳಿನಿಂದ ಕತ್ತಿನವರೆಗೆ ಕುಣಿಕೆ ಕಡಿಮೆ ಮಾಡುತ್ತಾ ಹೋಗುವಲ್ಲಿ, ಒಂದು ಸಾಲಿನಲ್ಲಿ ಕಡಿಮೆ ಮಾಡಿ, ಮುಂದಿನ ಸಾಲನ್ನು ಸುಮ್ಮನೆ ಹೆಣೆಯಬೇಕು. ನಾನು ಪ್ರತಿ ಸಾಲಿನಲ್ಲೂ ಕಡಿಮೆ ಮಾಡಿ ಎಂದು ಬರೆದಿದ್ದೆ. ಗೇಣುದ್ದ ಇರಬೇಕಾದ ಜಾಗ ಅರ್ಧ ಗೇಣಾಗಿ ಕಂಕುಳನ್ನು ಕಚ್ಚಿ ಹಿಡಿದಿತ್ತು. ಹೆಣೆಯುವಾಗ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. "ಬಂತಮ್ಮ. ಆದ್ರೆ ನೀವು ಬರ್ದ ಹಾಗೇ ಹೆಣ್ದಿದೀನಿ. ಬರ್ದಿದ್ದನ್ನ ಮೀರೋ ಅಭ್ಯಾಸ ನಂಗಿಲ್ಲ" ಎಂದರು ಆ ಪುಣ್ಯಾತ್ಮ, ಕೈ ಚಾಚಿಕೊಂಡೇ. ಹಾಕಿಕೊಳ್ಳುವಾಗ ಹೇಗೋ ಹಾಕಿಕೊಂಡಿದ್ದರು, ತೆಗೆಯಲು ಬರಲಿಲ್ಲ. ಮೂರು ವಾರದ ಕೆಲಸ, ಕತ್ತರಿಸಬೇಡಿ ಎಂದು ಬೇಡಿಕೊಂಡರು. ಮೊಮ್ಮಗಳು ಅವರ ಸೊಂಟ ಹಿಡಿದಳು, ನಾನು ಒಂದು ತೋಳು, ನಿಮ್ಮ ಮಗ ಇನ್ನೊಂದು. ಸ್ವೆಟರ್ ಫಟ್ಟನೆ ಬಂತು, ಅದರ ಜೊತೆ ನಿಮ್ಮ ಮಗ ಹಿಂದಕ್ಕೆ ಹೋಗಿ ಸೋಫಾದ ಕೈ ಮೇಲೆ ಬಿದ್ದರು. ಅವರು ನೋವಿನಿಂದ ಮುಲುಗುತ್ತಿದ್ದರೆ ಡ್ರೈವರ್ ಮಾಮ ಕೈಗಳನ್ನು ಮೇಲೆ ಕೆಳಗೆ ಆಡಿಸಿ, ಬೆರಳಿಗೆ ಮಾತ್ರ ಒಳ್ಳೆ ವ್ಯಾಯಾಮವಾಯಿತು ಎಂದು ನನಗೆ ಸಮಾಧಾನ ಹೇಳಿದರು.

ನನಗೆ ಮೊದಲು ಅನ್ನಿಸಿದ್ದು ಇದು ಟೈಪಿನ ತಪ್ಪು ಎಂದು. ಪಾಪ ಆ ಹುಡುಗಿಯ ಮೇಲೆ ಹಾರಿಬಿದ್ದೆ. ಅವಳು ನನ್ನ ಕರಡು ತಂದು ಮುಖಕ್ಕೆ ಹಿಡಿದಳು, ಅಲ್ಲೂ ಅದೇ ಇತ್ತು. ಹಾಗಿದ್ದರೆ ಇಷ್ಟು ದಿನ ಈ ಜಾಗದಲ್ಲಿ ಏನು ಬರೆಯುತ್ತಿದ್ದೆ ಎಂದು ನೋಡಲು ಭಾನುವಾರ ನಿಮ್ಮ ಕಪಾಟು ತೆಗೆದೆ, ಕೇಳದೆ ತೆಗೆದದ್ದಕ್ಕೆ ಕ್ಷಮಿಸಿ. ನನ್ನ ಕರಡುಗಳನ್ನು ನೀವು ಒಂದೂ ಬಿಸಾಡಿಲ್ಲ. ಮಂಚದ ಮೇಲೆ ಹರಡಿಕೊಂಡು ಒಂದೊಂದಾಗಿ ನೋಡಿದೆ. ಒಂದೊಂದರಲ್ಲೂ ಅದೇ ಜಾಗದಲ್ಲಿ ನಿಮ್ಮ ಪೆನ್ಸಿಲಿನ ಒಂದು ಪುಟ್ಟ ಹಂಸಪಾದ, ಮೇಲೆ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ "ಸಾಲು ಬಿಟ್ಟು ಸಾಲು". ಶುದ್ಧಪ್ರತಿಯಲ್ಲಿ ಅದನ್ನು ಸೇರಿಸಿ ಬರೆದು ಕಳಿಸಿದ್ದೀರಿ. ಅಚ್ಚಾಗಿ ಬಂದ ಮೇಲೆ ನಾನೂ ಓದುತ್ತಿದ್ದೆನಲ್ಲ, ಸರಿಯಾಗಿರುವುದನ್ನು ಓದಿದರೆ ಯಾರಿಗಾದರೂ ತಾನೇ ಹಾಗೆ ಬರೆದೆ ಅನ್ನಿಸುತ್ತದೆ.

ಕೊನೆಯಲ್ಲಿ, ಎಲ್ಲಕ್ಕಿಂತ ಅಡಿಯಲ್ಲಿ, ನನ್ನ ಮೊಟ್ಟಮೊದಲ ಪ್ಯಾಟರ್ನ್ ಸಿಕ್ಕಿತು. ಆಫೀಸಿನ ಕೆಲಸ ಬಿಟ್ಟು ಇದನ್ನೇ ಮಾಡುತ್ತೇನೆ ಎಂದು ಹಟ ಹಿಡಿದು ಕಳಿಸಿದ್ದೆ, ಪತ್ರಿಕೆಯವರು ವಾಪಸು ಕಳಿಸಿದ್ದರು. ಎರಡು ದಿನ ಮುಸುಕು ಹಾಕಿಕೊಂಡು ಮಲಗಿದ್ದೆ, ಇನ್ನು ಕಡ್ಡಿ ಮುಟ್ಟುವುದಿಲ್ಲ ಎಂದಿದ್ದೆ. ನೀವು ಆಗಷ್ಟೇ ಪ್ರೆಸ್ಸಿನಿಂದ ನಿವೃತ್ತರಾಗಿದ್ದಿರಿ, ಇಪ್ಪತ್ತೆಂಟು ವರ್ಷ ಕಂಡವರ ಪುಸ್ತಕಗಳ ಕರಡು ತಿದ್ದಿದವರು. ಮುಸುಕು ಎಳೆದು, "ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಅವ್ರಿಗೆ ಓದೋಕೆ ಆಗಿಲ್ಲ ಅಷ್ಟೇ. ಕೊಡಿಲ್ಲಿ, ನಾನು ಬರ್ದುಕೊಡ್ತೀನಿ ಸಿಕ್ಕಮ್ಮ" ಎಂದಿರಿ. ನೂಲನ್ನೆಲ್ಲ ಸಿಕ್ಕು ಮಾಡಿಕೊಂಡು ಕೂರುತ್ತಿದ್ದ ಹೊಸ ಸೊಸೆಗೆ ನೀವಿಟ್ಟ ಆ ಹೆಸರು ಕೇಳಿ ಅಳುತ್ತಲೇ ನಕ್ಕಿದ್ದೆ. ನೀವು ಬರೆದುಕೊಟ್ಟದ್ದು ಮರುತಿಂಗಳೇ ಅಚ್ಚಾಯಿತು. ನನ್ನ ಕೆಟ್ಟ ಅಕ್ಷರವೇ ಅಡ್ಡಿಯಾಗಿತ್ತು ಎಂದು ಮೊನ್ನೆ ಭಾನುವಾರದವರೆಗೂ ನಂಬಿದ್ದೆ. ವಾಪಸು ಬಂದ ಆ ಹಾಳೆಯ ಹಿಂದೆ ಪತ್ರಿಕೆಯವರು ಕೆಂಪು ಶಾಯಿಯಲ್ಲಿ ಎಣಿಕೆ ತಪ್ಪಿದೆ ಎಂದು ಬರೆದಿದ್ದಾರೆ. ನಾನು ಆ ಬದಿ ತಿರುಗಿಸಿ ನೋಡೇ ಇರಲಿಲ್ಲ. ನೀವು ನೋಡಿದ್ದಿರಿ, ನನಗೆ ಹೇಳಲಿಲ್ಲ.

ನಿಜ ಹೇಳುತ್ತೇನೆ, ಮೊದಲು ಸಿಟ್ಟು ಬಂತು. ಇಷ್ಟು ವರ್ಷ ನನ್ನನ್ನು ಮಗುವಿನ ಹಾಗೆ ನೋಡಿಕೊಂಡರಲ್ಲ, ಒಂದು ಮಾತು ಹೇಳಿದ್ದರೆ ಕಲಿತುಕೊಳ್ಳುತ್ತಿದ್ದೆನಲ್ಲ ಎಂದು ನಿಮ್ಮ ಮಗನ ಮುಂದೆ ಕೂಗಾಡಿದೆ. ಅವರು ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು, ಹೇಳಿದ್ದರೆ ಎರಡನೆಯದನ್ನು ಬರೆಯುತ್ತಿದ್ದೆಯಾ ಎಂದು ಕೇಳಿದರು. ಬರೆಯುತ್ತಿರಲಿಲ್ಲ. ಸಿಟ್ಟು ಅಲ್ಲೇ ಇಳಿಯಿತು. ಆಮೇಲೆ ನಾಚಿಕೆ, ಪ್ರಕಾಶಕರ ಮುಂದೆ ಆಡಿದ ಮಾತು ನೆನೆದು ಕಿವಿ ಬಿಸಿಯಾಯಿತು. ಒಮ್ಮೆ ನಾನು, ನೀವು ತಿದ್ದಿದ ಪುಸ್ತಕಗಳಲ್ಲಿ ಎಲ್ಲೂ ನಿಮ್ಮ ಹೆಸರಿಲ್ಲವಲ್ಲ ಎಂದು ಕೇಳಿದ್ದಕ್ಕೆ, "ಕರಡು ತಿದ್ದೋಳು ಕಾಣಿಸ್ಬಾರ್ದು. ಕಾಣಿಸಿದ್ಲು ಅಂದ್ರೆ ಕೆಲಸ ಕೆಟ್ಟಿದೆ ಅಂತ ಅರ್ಥ" ಎಂದಿದ್ದಿರಿ. ಪ್ರೆಸ್ಸಿನಲ್ಲಿ ಅದು ಸರಿಯಿರಬಹುದು. ಮನೆಯಲ್ಲಿ ಸರಿಯಲ್ಲ ಅತ್ತೆ. ನಾನು ಮುಂಬದಿಯ ಸಾಲು ಮಾತ್ರ ಎಣಿಸುವವಳು, ಹಿಂಬದಿಯದನ್ನೂ ಯಾರೋ ಹೆಣೆಯುತ್ತಿದ್ದಾರೆ ಎಂದು ನನಗೆ ಯಾರಾದರೂ ಹೇಳಲೇಬೇಕು, ನನ್ನಷ್ಟಕ್ಕೆ ತಿಳಿಯುವುದಿಲ್ಲ.

ಇಷ್ಟೆಲ್ಲ ಗೊತ್ತಾಗಿ ನಾನು ನಿಮ್ಮ ಮಂಚದ ಮೇಲೆ ಕರಡುಗಳ ನಡುವೆ ಕೂತಿರುವಾಗ ಸೋಮವಾರ ನಿಮ್ಮ ಪತ್ರ ಬಂತು, ನಿಮ್ಮಿಂದ ಆಗುವ ಕೆಲಸ ಏನೂ ಉಳಿದಿಲ್ಲ ಎಂದು! ಆ ಕೆಲಸ ಕಿತ್ತುಕೊಂಡವಳು ನಾನು. ತಪ್ಪಾಯಿತು. ಅವಳಿಗಳಿಗೆ ನೀವು ಬೇಕು, ಅಲ್ಲಿರುವುದೇ ನಿಮಗೆ ಖುಷಿ ಎಂದಾದರೆ ಇರಿ, ನಾನು ತಡೆಯುವುದಿಲ್ಲ. ಇಲ್ಲಿ ಬೇಡವಾದೆ ಎಂದುಕೊಂಡು ಮಾತ್ರ ಇರಬೇಡಿ. ಕಣ್ಣಿನ ನೆಪವೂ ನಡೆಯುವುದಿಲ್ಲ. ಇಲ್ಲಿಯ ಕಣ್ಣಿನ ಡಾಕ್ಟರನ್ನು ನಿಮ್ಮ ಮಗ ವಿಚಾರಿಸಿದ್ದಾರೆ, ಪೊರೆ ತೆಗೆಯುವುದು ಅರ್ಧ ಗಂಟೆಯ ಕೆಲಸವಂತೆ. ಅಲ್ಲಿಯವರೆಗೆ ಮೊಮ್ಮಗಳು ಓದಿ ಹೇಳುತ್ತಾಳೆ, ನೀವು ಹೆಣೆಯಿರಿ. ನಿಮ್ಮ ಬೆರಳಿಗೆ ತಪ್ಪು ತಾಗಿದರೆ ಸಾಕು. ನಾಲ್ಕನೆಯದರಲ್ಲೂ ಅದರ ಮುಂದಿನ ಎಂಟು ಪ್ಯಾಟರ್ನುಗಳಲ್ಲೂ ಆ ಒಂದು ತಪ್ಪನ್ನು ನಾನೇ ಹುಡುಕಿ ತಿದ್ದಿದ್ದೇನೆ. ನನಗೆ ಗೊತ್ತೇ ಇಲ್ಲದ ಬೇರೆ ತಪ್ಪುಗಳು ಎಷ್ಟಿವೆಯೋ. ಡ್ರೈವರ್ ಮಾಮನನ್ನು ಮತ್ತೆ ಕೈ ಚಾಚಿ ನಿಲ್ಲಿಸುವ ಧೈರ್ಯ ನನಗಿಲ್ಲ, ನಿಮ್ಮ ಮಗನ ಸೊಂಟಕ್ಕೂ ಇಲ್ಲ.

ನಾದಿನಿಗೆ, ಅವಳ ಯಜಮಾನರಿಗೆ ನಮ್ಮ ನೆನಪು ಹೇಳಿ. ಅವಳಿಗಳಿಗೆ ಒಬ್ಬೊಬ್ಬರಿಗೂ ಎರಡೆರಡು ಮುತ್ತು, ಒಬ್ಬನಿಗೇ ನಾಲ್ಕೂ ಹೋಗದಂತೆ ಟೋಪಿ ನೋಡಿ ಕೊಡಿ. ನಿಮ್ಮ ಮಗ ಬೇರೆ ಬರೆಯುತ್ತೇನೆ ಎಂದಿದ್ದಾರೆ, ಬರೆಯುವುದಿಲ್ಲ, ಆದ್ದರಿಂದ ಅವರ ನಮಸ್ಕಾರವನ್ನೂ ಇದರಲ್ಲೇ ಸೇರಿಸಿದ್ದೇನೆ. ನಿಮ್ಮ ಆಶೀರ್ವಾದ ಯಾವಾಗಲೂ ಇರಲಿ, ಜೊತೆಗೆ ಬೈಗುಳವೂ ಇರಲಿ.

ನಿಮ್ಮ ಸೊಸೆ,
ಸಿಕ್ಕಮ್ಮ

ಮರೆತೇಬಿಟ್ಟಿದ್ದೆ: ಅಂಚೆಯವರು ಕೆಳಗೆ ಗಂಟೆ ಬಾರಿಸುತ್ತಿದ್ದಾರೆ, ಬೇಗ ಬರೆಯುತ್ತೇನೆ. ಲಕೋಟೆಯಲ್ಲಿ ಪುಸ್ತಕದ ಮೊದಲ ಪುಟದ ಕರಡು ಇಟ್ಟಿದ್ದೇನೆ. ಎರಡು ಹೆಸರುಗಳಿವೆ, ಅಕ್ಕಪಕ್ಕ, ಒಂದೇ ಅಳತೆಯ ಅಕ್ಷರದಲ್ಲಿ. ನೋಡಿದ ಕೂಡಲೇ ನೀವು ಪೆನ್ಸಿಲ್ ಹುಡುಕಿ ನಿಮ್ಮದನ್ನು ಹೊಡೆದು ಹಾಕುತ್ತೀರಿ, ಗೊತ್ತು. ಪುಸ್ತಕ ಅಚ್ಚಾಗುವುದು ನಿಮ್ಮ ಹಳೆಯ ಪ್ರೆಸ್ಸಿನಲ್ಲೇ, ಅದಕ್ಕೇ ಮೊದಲೇ ಹೋಗಿ ಪ್ರೆಸ್ಸಿನ ಯಜಮಾನರನ್ನು ಕೇಳಿದೆ. ಅಂಚೆಯಲ್ಲಿ ತಿದ್ದಿ ಕಳಿಸಿದರೆ ನಡೆಯುವುದಿಲ್ಲವಂತೆ. "ಪುಟದಿಂದ ಹೆಸರು ತೆಗೀಬೇಕಾದ್ರೆ ಆ ಹೆಸರಿನವ್ರೇ ಬಂದು ನಮ್ಮೆದುರಿಗೆ ಹೊಡೆದು ಸಹಿ ಹಾಕ್ಬೇಕು. ಈ ನಿಯಮ ಮಾಡಿದ್ದೇ ನಿಮ್ಮತ್ತೆ" ಎಂದರು. ಮೊದಲ ಪುಟಗಳು ಇದೇ ಇಪ್ಪತ್ತೆಂಟಕ್ಕೆ ಅಚ್ಚಿಗೆ ಹೋಗುತ್ತವೆ. ಹೊಡೆದು ಹಾಕುವುದಿದ್ದರೆ ಅಷ್ಟರೊಳಗೆ ಮನೆಗೆ ಬನ್ನಿ.